ನೀಲಿ ಪರದೆಗೆ ಮದ್ದು ಲಿನಕ್ಸೋ, ಮ್ಯಾಕೋ, ಹೊಸ ವಿಂಡೋಸೋ?

ಪ್ರಶ್ನೆ: ನಮ್ಮದು 2018ರಲ್ಲಿ ಅಂಗಡಿಯಲ್ಲಿ ಜೋಡಿಸಿಕೊಂಡ ಕಂಪ್ಯೂಟರ್. ಇಂಟೆಲ್ ಐ5-7400, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಅಡಿಕೆ ವ್ಯಾಪಾರದ ಲೆಕ್ಕವೆಲ್ಲ ಟ್ಯಾಲಿಪ್ರೈಮ್‌ನಲ್ಲಿ, ಪತ್ರಗಳು 'ನುಡಿ' ಕನ್ನಡ ತಂತ್ರಾಂಶದಲ್ಲಿ, ಪ್ರಿಂಟರ್ ಕ್ಯಾನನ್ ಎಲ್‌ಬಿಪಿ 2900. ಆರು ತಿಂಗಳಿಂದ ವಾರಕ್ಕೆ ಎರಡು ಸಲವಾದರೂ ನೀಲಿ ಪರದೆ ಬರುತ್ತಿದೆ. ಫೋಟೊ ತೆಗೆದಿಟ್ಟಿದ್ದೇನೆ, 'ಕರ್ನಲ್ ಡೇಟಾ ಇನ್‌ಪೇಜ್ ಎರರ್' ಎಂದಿದೆ. ಇನ್ನು ಕೆಲವು ಸಲ ಏನೂ ಹೇಳದೆ ತಟ್ಟನೆ ಆರಿ ಮತ್ತೆ ಶುರುವಾಗುತ್ತದೆ. ಎರಡು ಸಲ ಫಾರ್ಮ್ಯಾಟ್ ಮಾಡಿಸಿದೆ. ಒಂದು ತಿಂಗಳು ಸರಿಯಿರುತ್ತದೆ, ಮತ್ತೆ ಅದೇ ಕತೆ. ಯುಪಿಎಸ್ ಬ್ಯಾಟರಿ ಹೋಗಿ ವರ್ಷವಾಯಿತು, ಈಗ ಮನೆಯ ಇನ್ವರ್ಟರ್‌ಗೇ ಜೋಡಿಸಿದ್ದೇವೆ. ತಂಗಿಯ ಮಗ ಲಿನಕ್ಸ್ ಹಾಕಿ ಎನ್ನುತ್ತಾನೆ. ಸ್ನೇಹಿತರೊಬ್ಬರು ಮ್ಯಾಕ್ ತಗೊಂಡರೆ ಈ ರಗಳೆಯೇ ಇಲ್ಲ ಎನ್ನುತ್ತಾರೆ. ಅಂಗಡಿಯವರು ವಿಂಡೋಸ್ 11 ಹಾಕಿಕೊಡುತ್ತೇವೆ ಎನ್ನುತ್ತಿದ್ದಾರೆ. ನಿಜಕ್ಕೂ ಯಾವುದು ಗಟ್ಟಿ? ಲೆಕ್ಕದ ಫೈಲು ಹೋದರೆ ನನಗೆ ದಿಕ್ಕೇ ಇಲ್ಲ.
— ಓದುಗರು, ಶಿರಸಿ ತಾಲ್ಲೂಕು

ಉತ್ತರ: ನೀವು ಕೇಳಿರುವುದು ಯಾವ ಆಪರೇಟಿಂಗ್ ಸಿಸ್ಟಮ್ ಗಟ್ಟಿ ಎಂದು. ಆದರೆ ಪತ್ರದೊಳಗಿನ ಭಯ ಬೇರೆ: ಮಷಿನ್ ಮತ್ತೆ ಮತ್ತೆ ಬೀಳುತ್ತಿದೆ, ಒಂದು ದಿನ ಲೆಕ್ಕವನ್ನೂ ಜೊತೆಗೆ ತೆಗೆದುಕೊಂಡು ಹೋಗುತ್ತದೆ ಎಂಬುದು. ಆ ಭಯ ಸರಿಯಾದದ್ದೇ. ಹಾಗಾಗಿ ಇದನ್ನು ಓದಿ ಮುಗಿಸುವ ಮೊದಲೇ ಟ್ಯಾಲಿ ತೆರೆದು ಆಲ್ಟ್ ಮತ್ತು ವೈ ಒತ್ತಿ, ಬ್ಯಾಕಪ್ ಆರಿಸಿ, ಎಲ್ಲ ಕಂಪನಿಗಳ ಡೇಟಾವನ್ನು ಪೆನ್‌ಡ್ರೈವ್‌ಗೆ ತೆಗೆದುಕೊಳ್ಳಿ. ನುಡಿ ಕಡತಗಳಿರುವ ಫೋಲ್ಡರನ್ನೂ ನಕಲು ಮಾಡಿ. ಪೆನ್‌ಡ್ರೈವ್ ಕಿತ್ತು ಬೀರುವಿನಲ್ಲಿಡಿ.

ನೀವು ಹೇಳಿರುವ ತೊಂದರೆ ಒಂದಲ್ಲ, ಎರಡು. ನೀಲಿ ಪರದೆ ಒಂದು, ಸದ್ದಿಲ್ಲದೆ ಆರಿ ಶುರುವಾಗುವುದು ಇನ್ನೊಂದು. ಮೊದಲನೆಯದು ಹಾರ್ಡ್ ಡಿಸ್ಕ್ ಕಡೆಗೆ ಬೆರಳು ತೋರಿಸುತ್ತಿದೆ, ಎರಡನೆಯದು ಕರೆಂಟಿನ ಕಡೆಗೆ. ಮೂವರೂ ಕೊಟ್ಟ ಸಲಹೆಗಳಲ್ಲಿ ಈ ಎರಡನ್ನೂ ಯಾರೂ ಮುಟ್ಟಿಲ್ಲ.

'ಕರ್ನಲ್ ಡೇಟಾ ಇನ್‌ಪೇಜ್ ಎರರ್' ಎಂದರೆ ಏನು ನಡೆದಿದೆ ನೋಡೋಣ. ರ‍್ಯಾಮ್ ತುಂಬುತ್ತ ಬಂದಾಗ ವಿಂಡೋಸ್ ತಕ್ಷಣಕ್ಕೆ ಬೇಡದ ತುಣುಕುಗಳನ್ನು ಡಿಸ್ಕಿನಲ್ಲಿರುವ ಪೇಜ್ ಫೈಲ್‌ಗೆ ಬರೆದಿಡುತ್ತದೆ, ಬೇಕಾದಾಗ ಓದಿ ತರುತ್ತದೆ. 8 ಜಿಬಿಯಲ್ಲಿ ಬ್ರೌಸರ್, ಟ್ಯಾಲಿ, ಆಂಟಿವೈರಸ್ ಒಟ್ಟಿಗೆ ಓಡುವಾಗ ಇದು ದಿನವಿಡೀ ನಡೆಯುವ ಕೆಲಸ. ಹಾಗೆ ಬರೆದಿಟ್ಟ ತುಣುಕನ್ನು ಕೇಳಿದಾಗ ಡಿಸ್ಕ್ ಕೊಡಲಿಲ್ಲ. ಆ ತುಣುಕು ಟ್ಯಾಲಿಯದ್ದಾಗಿದ್ದರೆ ಟ್ಯಾಲಿ ಮಾತ್ರ ಮುಚ್ಚಿಹೋಗುತ್ತಿತ್ತು. ವಿಂಡೋಸ್‌ನ ತಿರುಳಾದ ಕರ್ನಲ್‌ನದ್ದೇ ಆಗಿದ್ದರಿಂದ ಮುಂದೆ ಹೆಜ್ಜೆಯಿಡಲು ಅದಕ್ಕೆ ಆಧಾರವೇ ಇಲ್ಲ, ಬೇಕೆಂದೇ ನಿಲ್ಲಿಸುತ್ತದೆ. ತಪ್ಪು ಮಾಹಿತಿ ಹಿಡಿದು ಓಡುತ್ತ ನಿಮ್ಮ ಲೆಕ್ಕದ ಮೇಲೆ ಕಸ ಬರೆಯುವುದಕ್ಕಿಂತ ಆ ನೀಲಿ ಪರದೆ ಎಷ್ಟೋ ಮೇಲು.

ಹಾಗಾದರೆ ಫಾರ್ಮ್ಯಾಟ್ ಮಾಡಿಸಿದಾಗ ಒಂದು ತಿಂಗಳು ಸರಿಹೋಗಿದ್ದು ಹೇಗೆ? ತಿರುಗುವ ಡಿಸ್ಕಿನಲ್ಲಿ ಓದಲು ಬಾರದ ಜಾಗಗಳನ್ನು ಅದರ ಒಳಗಿನ ನಿಯಂತ್ರಕವೇ 'ಬಾಕಿ' ಎಂದು ಗುರುತಿಟ್ಟುಕೊಳ್ಳುತ್ತದೆ. ಅದೇ ಜಾಗಕ್ಕೆ ಹೊಸದಾಗಿ ಬರೆದಾಗ ಮಾತ್ರ ಪರೀಕ್ಷಿಸಿ, ಕೆಟ್ಟಿದ್ದರೆ ಮೀಸಲು ಜಾಗಕ್ಕೆ ಬದಲಿಸುತ್ತದೆ. ವಿಂಡೋಸನ್ನು ಹೊಸದಾಗಿ ಹಾಕಿದಾಗ ಹಲವು ಕಡೆ ಹೊಸದಾಗಿ ಬರೆದಂತಾಗುತ್ತದೆ, ಒಂದಷ್ಟು ಕೆಟ್ಟ ಜಾಗ ಬದಲಾಗುತ್ತದೆ, ಮುಖ್ಯ ಫೈಲುಗಳು ಬೇರೆ ಜಾಗಕ್ಕೆ ಹೋಗಿ ಕೂರುತ್ತವೆ. ಡಿಸ್ಕ್ ಸವೆಯುವುದು ಮಾತ್ರ ನಿಲ್ಲುವುದಿಲ್ಲ. ಒಂದು ತಿಂಗಳಲ್ಲಿ ಹೊಸ ಕೆಟ್ಟ ಜಾಗಗಳು ಹುಟ್ಟುತ್ತವೆ. ಎರಡು ಸಲ ದುಡ್ಡು ಕೊಟ್ಟು ನೀವು ಮಾಡಿಸಿದ್ದು ಇಷ್ಟೇ.

ಇದೇ ಡಿಸ್ಕಿಗೆ ತಂಗಿಯ ಮಗ ಉಬುಂಟು ಎಂಬ ಲಿನಕ್ಸ್ ಹಾಕಿದ ಎನ್ನಿ. ನೀಲಿ ಪರದೆ ಬರುವುದಿಲ್ಲ, ಖಂಡಿತ. ಬದಲಿಗೆ ಒಂದು ಮಧ್ಯಾಹ್ನ ಫೈಲ್ ಸೇವ್ ಮಾಡಲು ಹೋದರೆ ಆಗುವುದಿಲ್ಲ. ಯಾವ ಫೈಲ್ ಡಿಸ್ಕಿನಲ್ಲಿ ಎಲ್ಲಿದೆ ಎಂಬ ತನ್ನ ಪಟ್ಟಿಗೇ ಪೆಟ್ಟು ಬೀಳುವಂಥ ದೋಷ ಕಂಡೊಡನೆ ಅದರ ಫೈಲ್ ಸಿಸ್ಟಮ್ ಆದ ಇಎಕ್ಸ್‌ಟಿ4 ಇಡೀ ಡಿಸ್ಕನ್ನು 'ಓದಲು ಮಾತ್ರ' ಸ್ಥಿತಿಗೆ ತಿರುಗಿಸಿಬಿಡುತ್ತದೆ. ಪರದೆ ನೋಡಲು ಸರಿಯಾಗಿಯೇ ಇರುತ್ತದೆ, ಮೌಸ್ ಓಡಾಡುತ್ತದೆ, ಬರೆದದ್ದು ಮಾತ್ರ ಉಳಿಯುವುದಿಲ್ಲ. ಹಳೆಯ ಮ್ಯಾಕ್‌ನ ಡಿಸ್ಕ್ ಹೀಗಾದರೆ ಬಣ್ಣದ ಚಕ್ರ ನಿಮಿಷಗಟ್ಟಲೆ ಸುತ್ತುತ್ತ ಕೂರುತ್ತದೆ. ರೋಗ ಒಂದೇ, ಮುಖ ಮೂರು. ಜನ 'ಲಿನಕ್ಸ್ ಹಾಕಿದ ಮೇಲೆ ಕ್ರ್ಯಾಶ್ ನಿಂತಿತು' ಎನ್ನುವಾಗ ಎಷ್ಟೋ ಸಲ ನಿಂತಿರುವುದು ಸೂಚನೆ ಮಾತ್ರ.

'ವಿಂಡೋಸ್ ಅಂದರೆ ಹ್ಯಾಂಗ್' ಎಂಬ ಮಾತು ಎಲ್ಲಿಂದ ಬಂತು

ಒಂದು ಕಾಲಕ್ಕೆ ಅದು ಸುಳ್ಳಾಗಿರಲಿಲ್ಲ. ವಿಂಡೋಸ್ 95, 98, ಎಂಇ ಮೂರೂ ಡಾಸ್ ಬುನಾದಿಯ ಮೇಲೆ ನಿಂತಿದ್ದವು, ಒಂದು ಪ್ರೋಗ್ರಾಂ ಸಿಸ್ಟಮ್‌ನದ್ದೇ ನೆನಪಿನ ಜಾಗವನ್ನು ತುಳಿಯಬಹುದಿತ್ತು. ಮ್ಯಾಕ್ ಕತೆಯೂ ಬೇರೆಯಿರಲಿಲ್ಲ. ಮ್ಯಾಕ್ ಓಎಸ್ 9ರವರೆಗೂ ಒಂದು ಪ್ರೋಗ್ರಾಂ ತನ್ನ ಸರದಿ ಬಿಟ್ಟುಕೊಡದೆ ಕೂತರೆ ಇಡೀ ಮಷಿನ್ ಕೂತಂತೆಯೇ. ಎರಡೂ ಕಡೆ 2001 ತಿರುವಿನ ವರ್ಷ. ಮಾರ್ಚ್‌ನಲ್ಲಿ ಯುನಿಕ್ಸ್ ಬುನಾದಿಯ ಮ್ಯಾಕ್ ಓಎಸ್ ಎಕ್ಸ್ ಬಂತು, ಅಕ್ಟೋಬರ್‌ನಲ್ಲಿ ವಿಂಡೋಸ್ ಎಕ್ಸ್‌ಪಿಯ ಮೂಲಕ ಅದುವರೆಗೆ ಕಚೇರಿಗಳಲ್ಲಿದ್ದ ಎನ್‌ಟಿ ಕರ್ನಲ್ ಮನೆಗಳಿಗೆ ಬಂತು. ಅಲ್ಲಿಂದಾಚೆಗೆ ಒಂದು ಸಾಮಾನ್ಯ ಪ್ರೋಗ್ರಾಂ ಕೆಟ್ಟರೆ ಅದೊಂದೇ ಸಾಯುತ್ತದೆ.

ಈಗ ಇಡೀ ಮಷಿನ್ ಬೀಳಬೇಕಾದರೆ ಕೆಡುವುದು ಸಾಮಾನ್ಯವಾಗಿ ಎರಡೇ: ಹಾರ್ಡ್‌ವೇರ್, ಇಲ್ಲವೇ ಕರ್ನಲ್‌ನೊಳಗೆ ಕೂತು ಕೆಲಸ ಮಾಡುವ ತಂತ್ರಾಂಶವಾದ ಡ್ರೈವರ್. 2024ರ ಜುಲೈ 19ರಂದು ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಮಷಿನ್‌ಗಳು ಒಟ್ಟಿಗೆ ನೀಲಿಯಾದದ್ದು ಹಾಗೆಯೇ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶದ ದೋಷಪೂರಿತ ಅಪ್‌ಡೇಟ್ ಒಂದು ಕರ್ನಲ್‌ನೊಳಗಿದ್ದ ಅದರ ಡ್ರೈವರನ್ನು ಬೀಳಿಸಿತ್ತು. ಹಾರ್ಡ್‌ವೇರ್ ಕಡೆಗೂ ಅದೇ ವರ್ಷದ್ದೇ ಉದಾಹರಣೆಯಿದೆ. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ವೋಲ್ಟೇಜ್ ಹೆಚ್ಚಾಗಿ ಹಾಳಾಗುತ್ತಿದ್ದವು. ಜನ ತಿಂಗಳುಗಟ್ಟಲೆ ವಿಂಡೋಸನ್ನೂ ಗ್ರಾಫಿಕ್ಸ್ ಡ್ರೈವರನ್ನೂ ಬೈದರು. ಕೊನೆಗೆ ಇಂಟೆಲ್ ಪ್ರೊಸೆಸರ್‌ನ ಒಳಗಿನ ಸೂಚನೆಗಳಾದ ಮೈಕ್ರೋಕೋಡ್‌ಗೆ ತಿದ್ದುಪಡಿ ಕೊಟ್ಟು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ನಿಮ್ಮದು 7ನೇ ಪೀಳಿಗೆಯದ್ದು, ಆ ತೊಂದರೆ ಅದಕ್ಕಿಲ್ಲ.

ಮೂರನ್ನೂ ಹೋಲಿಸುವುದಾದರೆ, 'ಗಟ್ಟಿ' ಎಂಬ ಒಂದೇ ಮಾತಿನಲ್ಲಿ ಮೂರು ಅರ್ಥಗಳು ಸೇರಿಕೊಂಡಿವೆ. ಬೀಳದಿರುವುದು ಒಂದು. ನಿನ್ನೆ ಇದ್ದಂತೆ ಇಂದೂ ಇರುವುದು ಇನ್ನೊಂದು. ಬಿದ್ದರೂ ಡೇಟಾ ಉಳಿಸಿಕೊಂಡು ಏಳುವುದು ಮೂರನೆಯದು.

ಬೀಳದಿರುವ ಲೆಕ್ಕದಲ್ಲಿ ಮ್ಯಾಕ್‌ಗೆ ಅನುಕೂಲವಿದೆ. ಹಾರ್ಡ್‌ವೇರ್, ಸಿಸ್ಟಮ್ ಎರಡನ್ನೂ ಮಾಡುವವರು ಒಬ್ಬರೇ, ಪರೀಕ್ಷಿಸಬೇಕಾದ ಮಾದರಿಗಳು ಕಡಿಮೆ. ಹೊರಗಿನವರ ಡ್ರೈವರ್‌ಗಳನ್ನು 2019ರ ಕ್ಯಾಟಲೀನಾದಿಂದ ಈಚೆಗೆ ಕರ್ನಲ್‌ನಿಂದ ಆಚೆಗೆ ದಬ್ಬುತ್ತ ಬಂದಿದ್ದಾರೆ. ಆದರೆ ಒಂದು ಸಂಗತಿಯನ್ನು ಜನ ಗಮನಿಸುವುದಿಲ್ಲ: ನಿಮ್ಮ ಸ್ನೇಹಿತರ ಬಳಿ ಇರುವುದು ಮ್ಯಾಕ್‌ಬುಕ್ ಆಗಿದ್ದರೆ ಅದರೊಳಗೆ ಬ್ಯಾಟರಿ ಇದೆ. ಕರೆಂಟ್ ಹೋದರೂ ಅದಕ್ಕೆ ಗೊತ್ತೇ ಆಗುವುದಿಲ್ಲ. ಮ್ಯಾಕ್‌ಬುಕ್ಕನ್ನೂ ಯುಪಿಎಸ್ ಇಲ್ಲದ ಡೆಸ್ಕ್‌ಟಾಪನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದರೆ ಗೆದ್ದದ್ದರಲ್ಲಿ ಆ ಬ್ಯಾಟರಿಯ ಪಾಲು ದೊಡ್ಡದು.

ನಿನ್ನೆಯಂತೆ ಇಂದೂ ಇರುವ ವಿಷಯದಲ್ಲಿ ಮ್ಯಾಕ್ ಅಷ್ಟು ಗಟ್ಟಿಯಲ್ಲ. ವರ್ಷಕ್ಕೊಂದು ದೊಡ್ಡ ಆವೃತ್ತಿ ಬರುತ್ತದೆ, ಹಳೆಯದನ್ನು ಕೈಬಿಡಲು ಹಿಂದೆಮುಂದೆ ನೋಡುವುದಿಲ್ಲ. ಅದೇ ಕ್ಯಾಟಲೀನಾ 32 ಬಿಟ್ ಪ್ರೋಗ್ರಾಂಗಳನ್ನೆಲ್ಲ ಒಂದೇ ಏಟಿಗೆ ನಿಲ್ಲಿಸಿತು. ಇಲ್ಲಿ ವಿಂಡೋಸ್ ಮುಂದು; ಹತ್ತು ಹದಿನೈದು ವರ್ಷದ ಹಳೆಯ ಪ್ರೋಗ್ರಾಂಗಳೂ ಅದರಲ್ಲಿ ಸಾಮಾನ್ಯವಾಗಿ ಓಡುತ್ತವೆ. ಲಿನಕ್ಸ್‌ನಲ್ಲಿ ನೀವು ಯಾವುದನ್ನು ಆರಿಸುತ್ತೀರಿ ಎಂಬುದರ ಮೇಲೆ ನಿಂತಿದೆ. ಡೆಬಿಯನ್, ಉಬುಂಟು ಎಲ್‌ಟಿಎಸ್, ಲಿನಕ್ಸ್ ಮಿಂಟ್ ವರ್ಷಗಟ್ಟಲೆ ಒಂದೇ ರೀತಿ ಇರುತ್ತವೆ. ಉಬುಂಟು 24.04ಕ್ಕೂ ಅದರ ಮೇಲೆ ಕಟ್ಟಿದ ಮಿಂಟ್ 22ಕ್ಕೂ 2029ರವರೆಗೆ ಭದ್ರತಾ ತಿದ್ದುಪಡಿಗಳಿವೆ. ಆರ್ಚ್‌ನಂಥವು ದಿನದಿನವೂ ಬದಲಾಗುತ್ತವೆ, ವ್ಯಾಪಾರದ ಲೆಕ್ಕವಿಡುವ ಮಷಿನ್‌ಗೆ ಬೇಡ.

ಸರ್ವರ್‌ಗಳಲ್ಲಿ ಲಿನಕ್ಸ್ ವರ್ಷಗಟ್ಟಲೆ ರೀಸ್ಟಾರ್ಟ್ ಇಲ್ಲದೆ ಓಡುತ್ತದೆ ಎಂಬ ಕೀರ್ತಿ ನಿಜ. ಆದರೆ ಸರ್ವರ್ ಮಲಗಿ ಏಳುವುದಿಲ್ಲ, ಅದಕ್ಕೆ ಪ್ರಿಂಟರ್, ವೈಫೈ, ಗ್ರಾಫಿಕ್ಸ್ ಕಾರ್ಡ್‌ಗಳ ಗೊಡವೆ ಕಡಿಮೆ. ಮನೆಯ ಮಷಿನ್‌ನಲ್ಲಿ ಲಿನಕ್ಸ್ ತೊಡರುವುದು ಇಲ್ಲಿಯೇ: ಸ್ಲೀಪ್‌ನಿಂದ ಎದ್ದಾಗ ಕಪ್ಪು ಪರದೆ, ಕರ್ನಲ್ ಅಪ್‌ಡೇಟ್ ಆದ ಮೇಲೆ ಎನ್‌ವಿಡಿಯಾ ಡ್ರೈವರ್ ಹೊಂದದಿರುವುದು. ನೀವು ಬೇರೆ ಗ್ರಾಫಿಕ್ಸ್ ಕಾರ್ಡ್ ಹೆಸರಿಸಿಲ್ಲ; ಪ್ರೊಸೆಸರ್ ಜೊತೆಗೇ ಬಂದ ಇಂಟೆಲ್ ಗ್ರಾಫಿಕ್ಸೇ ಆಗಿದ್ದರೆ ಆ ಎರಡನೆಯ ಕಾಟವಿಲ್ಲ. ಪರದೆ ಹೆಪ್ಪುಗಟ್ಟಿದರೂ ಕರ್ನಲ್ ಜೀವಂತ ಇರುವುದು ಲಿನಕ್ಸ್‌ನಲ್ಲಿ ಸಾಮಾನ್ಯ. ಆಗ ಬಟನ್ ಒತ್ತಿ ಆರಿಸಬೇಡಿ. ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಹಿಡಿದುಕೊಂಡು ಎಸ್, ಯು, ಬಿ ಅಕ್ಷರಗಳನ್ನು ಎರಡೆರಡು ಸೆಕೆಂಡ್ ಬಿಟ್ಟು ಒತ್ತಿದರೆ ಬಾಕಿಯಿದ್ದದ್ದನ್ನು ಡಿಸ್ಕಿಗೆ ಬರೆದು, ಡಿಸ್ಕನ್ನು ಮುಚ್ಚಿ, ರೀಸ್ಟಾರ್ಟ್ ಆಗುತ್ತದೆ. ವಿಂಡೋಸ್‌ನಲ್ಲೂ ಇಂಥದ್ದೊಂದು ಇದೆ. ಗ್ರಾಫಿಕ್ಸ್ ಡ್ರೈವರ್ ಎರಡು ಸೆಕೆಂಡ್ ಉತ್ತರಿಸದಿದ್ದರೆ ವಿಸ್ಟಾದಿಂದ ಈಚೆಗೆ ವಿಂಡೋಸ್ ತಾನೇ ಅದನ್ನು ಹೊಸದಾಗಿ ಎಬ್ಬಿಸುತ್ತದೆ. ಪರದೆ ಒಮ್ಮೆ ಕಪ್ಪಾಗಿ ಮರಳಿದರೆ ಅದು ಅದೇ.

ಮೂರನೆಯ ಅರ್ಥದಲ್ಲಿ, ಅಂದರೆ ಬಿದ್ದು ಏಳುವುದರಲ್ಲಿ, ಮೂರಕ್ಕೂ ಒಂದೇ ಮಿತಿಯಿದೆ. ವಿಂಡೋಸ್‌ನ ಎನ್‌ಟಿಎಫ್‌ಎಸ್, ಲಿನಕ್ಸ್‌ನ ಇಎಕ್ಸ್‌ಟಿ4, ಮ್ಯಾಕ್‌ನ ಎಪಿಎಫ್‌ಎಸ್ ಎಲ್ಲವೂ ಕರೆಂಟ್ ಹೋದಾಗ ಯಾವ ಫೈಲ್ ಎಲ್ಲಿದೆ ಎಂಬ ತಮ್ಮ ಪಟ್ಟಿಯನ್ನು ಕಾಪಾಡಿಕೊಳ್ಳುತ್ತವೆ. ಫೈಲಿನೊಳಗೆ ಅರ್ಧ ಬರೆದಿದ್ದ ವೋಚರನ್ನು ಕಾಪಾಡುವ ಭರವಸೆ ಯಾವುದೂ ಕೊಡುವುದಿಲ್ಲ.

ಮೊದಲು ಮಾಡಬೇಕಾದ್ದು

ವಿಂಡೋಸ್‌ನ ಹುಡುಕುವ ಜಾಗದಲ್ಲಿ 'ರಿಲಯಬಿಲಿಟಿ' ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ 'ವ್ಯೂ ರಿಲಯಬಿಲಿಟಿ ಹಿಸ್ಟರಿ' ಬರುತ್ತದೆ. ಯಾವ ದಿನ ಏನು ಬಿತ್ತು ಎಂದು ಕೆಂಪು ಗುರುತುಗಳಲ್ಲಿ ತೋರಿಸುತ್ತದೆ. ಅಂಗಡಿಯಲ್ಲಿ ಇದನ್ನು ತೆರೆದೂ ನೋಡದೆ ಫಾರ್ಮ್ಯಾಟ್ ಮಾಡಿದರೆ ಸಾಕ್ಷಿಯನ್ನೇ ಅಳಿಸಿದಂತೆ.

ಆಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಪ್ರೋಗ್ರಾಂ ಹಾಕಿ. ಉದ್ದದ ಪಟ್ಟಿಯಲ್ಲಿ ನೀವು ನೋಡಬೇಕಾದ ಸಾಲು ಮೂರೇ: 05 (ಈಗಾಗಲೇ ಬದಲಿಸಿದ ಜಾಗಗಳು), ಸಿ5 (ಓದಲಾಗದೆ ಬಾಕಿ ಇರುವವು), ಸಿ7 (ದಾರಿಯಲ್ಲಿ ಕೆಟ್ಟ ಸಂದೇಶಗಳು). ಕೊನೆಯ ಕಾಲಂನ ಅಂಕಿಗಳು ಮೊದಲಿಗೆ ಹದಿನಾರರ ಮೂಲದಲ್ಲಿರುತ್ತವೆ. ಫಂಕ್ಷನ್ ಮೆನುವಿನ ಅಡ್ವಾನ್ಸ್‌ಡ್ ಫೀಚರ್‌ನಲ್ಲಿ ರಾ ವ್ಯಾಲ್ಯೂಸ್‌ಗೆ ಹೋಗಿ ದಶಮಾನಕ್ಕೆ ಬದಲಿಸಿಕೊಳ್ಳಿ. ಸಿ5 ಸೊನ್ನೆಗಿಂತ ಹೆಚ್ಚಿದ್ದರೆ, ಅಥವಾ 05 ವಾರದಿಂದ ವಾರಕ್ಕೆ ಏರುತ್ತಿದ್ದರೆ ಡಿಸ್ಕ್ ಹೋಗುತ್ತಿದೆ. ಆ ಎರಡೂ ಸೊನ್ನೆಯಿದ್ದು ಸಿ7 ಮಾತ್ರ ಏರುತ್ತಿದ್ದರೆ ನಿಮ್ಮ ಅದೃಷ್ಟ: ಸಾಮಾನ್ಯವಾಗಿ ಕೆಟ್ಟಿರುವುದು ಡಿಸ್ಕಿನಿಂದ ಬೋರ್ಡಿಗೆ ಹೋಗುವ ಸಾಟಾ ಕೇಬಲ್. ಹೊಸ ಕೇಬಲ್ ಹಾಕಿ, ಬೋರ್ಡಿನಲ್ಲಿ ಬೇರೆ ಕಿಂಡಿಗೆ ಸಿಕ್ಕಿಸಿ. ಸಿ7ರ ಹಳೆಯ ಅಂಕಿ ಇಳಿಯುವುದಿಲ್ಲ, ಮುಂದೆ ಏರದಿದ್ದರೆ ಸಾಕು.

ಡಿಸ್ಕ್ ಹೋಗುತ್ತಿದ್ದರೆ 500 ಜಿಬಿಯ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ಡಿಸ್ಕ್) ತನ್ನಿ. ಬೋರ್ಡಿನಲ್ಲಿ ಎಂ.2 ಕಿಂಡಿ ಇಲ್ಲದಿದ್ದರೆ 2.5 ಇಂಚಿನ ಸಾಟಾ ಸಾಕು. ಹಳೆಯದನ್ನು ಇದ್ದಂತೆಯೇ ಕ್ಲೋನ್ ಮಾಡಿಕೊಡುತ್ತೇವೆ ಎಂದರೆ ಬೇಡವೆನ್ನಿ. ಸಾಯುತ್ತಿರುವ ಡಿಸ್ಕನ್ನು ಮೊದಲಿಂದ ಕೊನೆವರೆಗೆ ಓದಿಸುವುದೇ ಅದಕ್ಕೆ ಕೊನೆಯ ಪೆಟ್ಟಾಗಬಹುದು, ಓದಲಾಗದ ಫೈಲುಗಳು ಮುರಿದೇ ನಕಲಾಗುತ್ತವೆ. ಡೇಟಾ ಮಾತ್ರ ಎತ್ತಿಕೊಂಡು, ಸಿಸ್ಟಮನ್ನು ಹೊಸದಾಗಿ ಹಾಕಿ. ಹಾಕುವಾಗ ಹಳೆಯ ಡಿಸ್ಕಿನ ಕೇಬಲ್ ಕಿತ್ತಿಟ್ಟಿರಬೇಕು. ಇಲ್ಲದಿದ್ದರೆ ಕಂಪ್ಯೂಟರನ್ನು ಶುರುಮಾಡಿಸುವ ಬೂಟ್ ಭಾಗ ಹಳೆಯದರ ಮೇಲೆಯೇ ಹೋಗಿ ಕೂರುವುದುಂಟು. ಆ ಡಿಸ್ಕ್ ಸತ್ತ ದಿನ ಹೊಸ ಎಸ್‌ಎಸ್‌ಡಿಯೂ ಬೂಟ್ ಆಗುವುದಿಲ್ಲ.

ರ‍್ಯಾಮನ್ನೂ ಅದೇ ವಾರ ಪರೀಕ್ಷಿಸಿಬಿಡಿ. ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ರಾತ್ರಿಯಿಡೀ ನಾಲ್ಕು ಸುತ್ತು ಓಡಲು ಬಿಡಿ. ಒಂದೇ ಒಂದು ಕೆಂಪು ಸಾಲು ಬಂದರೂ ಆ ಕಡ್ಡಿ ಕೆಟ್ಟದ್ದು ಎಂದೇ ತಿಳಿಯಿರಿ. ಬಿಸಾಡುವ ಮೊದಲು ಒಮ್ಮೆ ತೆಗೆದು ಹಿತ್ತಾಳೆ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಮತ್ತೆ ಕೂರಿಸಿ ನೋಡಿ. ಮಲೆನಾಡಿನ ಮಳೆಗಾಲದ ತೇವಕ್ಕೆ ಅಲ್ಲಿ ಪೊರೆ ಕಟ್ಟುತ್ತದೆ.

ಸದ್ದಿಲ್ಲದೆ ಆರುವುದಕ್ಕೆ ಬರೋಣ. ಈವೆಂಟ್ ವ್ಯೂವರ್‌ನಲ್ಲಿ ಸಿಸ್ಟಮ್ ವಿಭಾಗ ತೆರೆದು 'ಕರ್ನಲ್-ಪವರ್ 41' ಹುಡುಕಿ. ವಿವರಗಳಲ್ಲಿ 'ಬಗ್‌ಚೆಕ್‌ಕೋಡ್' ಎದುರು 0 ಇದ್ದರೆ ವಿಂಡೋಸ್‌ಗೆ ತಪ್ಪು ದಾಖಲಿಸಲೂ ಪುರುಸೊತ್ತು ಸಿಕ್ಕಿಲ್ಲ, ಕಾಲ ಕೆಳಗಿನ ಕರೆಂಟೇ ಹೋಗಿದೆ ಎಂದು ಬಹುಮಟ್ಟಿಗೆ ತಿಳಿಯಬಹುದು. ಕಂಪ್ಯೂಟರಿನೊಳಗೆ ಕರೆಂಟ್ ಹಂಚುವ ಡಬ್ಬಿಯಾದ ಎಸ್‌ಎಂಪಿಎಸ್, ಕರೆಂಟ್ ತಪ್ಪಿದ ಮೇಲೆ ತನ್ನೊಳಗಿನ ಕೆಪಾಸಿಟರ್‌ನ ಬಲದಿಂದ ಸುಮಾರು 16 ಮಿಲಿಸೆಕೆಂಡ್ ಎಳೆಯುವಂತೆ ಮಾಡಿರುತ್ತಾರೆ, ಅದೂ ಒಳ್ಳೆಯದಾದರೆ. ಕ್ಯಾಬಿನೆಟ್ ಜೊತೆಗೇ ಬಂದ ಅಗ್ಗದ್ದು ಏಳೆಂಟು ವರ್ಷ ಆದ ಮೇಲೆ ಅಷ್ಟೂ ತಡೆಯುವುದಿಲ್ಲ. ಮನೆಯ ಇನ್ವರ್ಟರ್ ಸಾಮಾನ್ಯ ಮೋಡ್‌ನಲ್ಲಿದ್ದರೆ ಬ್ಯಾಟರಿಗೆ ಬದಲಾಗಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಫ್ಯಾನು, ಬಲ್ಬಿಗೆ ಗೊತ್ತಾಗದ ಆ ಕ್ಷಣದಲ್ಲಿ ಕಂಪ್ಯೂಟರ್ ಸತ್ತು ಹುಟ್ಟುತ್ತದೆ. ಹೆಚ್ಚಿನ ಇನ್ವರ್ಟರ್‌ಗಳ ಹಿಂಬದಿಯಲ್ಲಿ 'ಯುಪಿಎಸ್' ಮೋಡ್‌ಗೆ ಒಂದು ಸ್ವಿಚ್ ಇದೆ, ಇಂದೇ ಹಾಕಿ. ಅದಕ್ಕಿಂತ ಭದ್ರವಾದದ್ದು ನಿಮ್ಮ ಹಳೆಯ ಯುಪಿಎಸ್‌ಗೆ ಹೊಸ ಬ್ಯಾಟರಿ. 600 ವಿಎ ಯುಪಿಎಸ್‌ಗಳಲ್ಲಿ ಸಾಮಾನ್ಯವಾಗಿ 12 ವೋಲ್ಟಿನ 7 ಎಎಚ್ ಬ್ಯಾಟರಿ ಇರುತ್ತದೆ, ಎರಡು ಮೂರು ವರ್ಷಕ್ಕೊಮ್ಮೆ ಬದಲಿಸಬೇಕು. ಲೇಸರ್ ಪ್ರಿಂಟರನ್ನು ಮಾತ್ರ ಯುಪಿಎಸ್‌ಗೆ ಸಿಕ್ಕಿಸಬೇಡಿ. ಬಿಸಿಯಾಗುವಾಗ ಅದು ಎಳೆಯುವ ಕರೆಂಟಿಗೆ ಯುಪಿಎಸ್ ತಾನೇ ಕೈಬಿಡುತ್ತದೆ.

ಕ್ಯಾಬಿನೆಟ್ ಮುಟ್ಟಿದಾಗ ಜುಂ ಎನ್ನುತ್ತಿದ್ದರೆ ಅರ್ತಿಂಗ್ ಇಲ್ಲವೆಂದು ಅರ್ಥ. ಎಲೆಕ್ಟ್ರಿಷಿಯನ್‌ನಿಂದ ಅದನ್ನು ಸರಿಮಾಡಿಸದೆ ಹೊಸ ಎಸ್‌ಎಂಪಿಎಸ್‌ಗೆ ದುಡ್ಡು ಹಾಕಬೇಡಿ. ಏಪ್ರಿಲ್, ಮೇ ತಿಂಗಳ ಗುಡುಗಿಗೆ ಪ್ಲಗ್ಗಿನ ಜೊತೆ ಇಂಟರ್‌ನೆಟ್ ಕೇಬಲನ್ನೂ ಕೀಳಿ.

ಇನ್ನೊಂದು ಸಣ್ಣ ಸಂಗತಿ. ವಿಂಡೋಸ್ 10ರಲ್ಲಿ ಶಟ್‌ಡೌನ್ ಮಾಡಿದರೆ ಕರ್ನಲ್ ಪೂರ್ತಿ ಆರುವುದಿಲ್ಲ. ಅದರ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಮರುದಿನ ಅದನ್ನೇ ಎಬ್ಬಿಸುತ್ತದೆ. 'ಫಾಸ್ಟ್ ಸ್ಟಾರ್ಟಪ್' ಎಂದರೆ ಅದು. ಡ್ರೈವರ್‌ಗಳ ಹಳೆಯ ತೊಡಕು ದಿನದಿಂದ ದಿನಕ್ಕೆ ಸಾಗಿಬರುತ್ತದೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಶನ್ಸ್‌ನಲ್ಲಿ, ಪವರ್ ಬಟನ್‌ಗಳು ಏನು ಮಾಡಬೇಕು ಎಂದು ಆರಿಸುವ ಕಡೆ ಅದರ ಟಿಕ್ ತೆಗೆಯಿರಿ. ಎಸ್‌ಎಸ್‌ಡಿ ಹಾಕಿದ ಮೇಲೆ ಅದರ ಅಗತ್ಯವೇ ಇಲ್ಲ.

ಈಗ ಆ ಮೂರು ಸಲಹೆಗಳು

ಮಷಿನ್ ರಿಪೇರಿಯಾದ ಮೇಲೂ ನಿಮ್ಮೆದುರು ಆಯ್ಕೆಯೊಂದು ಉಳಿಯುತ್ತದೆ, ಏಕೆಂದರೆ ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆ ಬಳಕೆದಾರರಿಗೆ ಮೈಕ್ರೋಸಾಫ್ಟ್ ಇಎಸ್‌ಯು ಎಂಬ ಹೆಚ್ಚುವರಿ ಭದ್ರತಾ ತಿದ್ದುಪಡಿಗಳನ್ನು 2026ರ ಅಕ್ಟೋಬರ್ 13ರವರೆಗೆ ಕೊಡುವುದಾಗಿ ಹೇಳಿದೆ. ಅದಕ್ಕೆ 22ಎಚ್2 ಆವೃತ್ತಿಯೂ ಮೈಕ್ರೋಸಾಫ್ಟ್ ಖಾತೆಯೂ ಬೇಕು, ನೋಂದಣಿ ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಇದೆ. ಹಾಕಿರುವುದು ಅಸಲಿ ಲೈಸೆನ್ಸೋ ಆಕ್ಟಿವೇಟರ್ ಹೊಡೆದದ್ದೋ ಎಂದು ಅಂಗಡಿಯಲ್ಲಿ ನೇರವಾಗಿ ಕೇಳಿ. ಅಂಥವುಗಳಲ್ಲಿ ಅಪ್‌ಡೇಟನ್ನೇ ಕತ್ತರಿಸಿರುವುದುಂಟು.

ಅಂಗಡಿಯವರು ಹೇಳುವ ವಿಂಡೋಸ್ 11ಕ್ಕೆ ನಿಮ್ಮ ಪ್ರೊಸೆಸರ್ ಪಟ್ಟಿಯಲ್ಲಿಲ್ಲ. ಇಂಟೆಲ್‌ನಲ್ಲಿ ಹೆಚ್ಚುಕಡಿಮೆ 8ನೇ ಪೀಳಿಗೆಯಿಂದ ಮೇಲಿನವಕ್ಕೇ ಒಪ್ಪಿಗೆ. ತಪಾಸಣೆಯನ್ನು ದಾಟಿಸಿ ಹಾಕಬಹುದು, ಓಡಲೂ ಓಡುತ್ತದೆ. ಆದರೆ ಅಂಥ ಮಷಿನ್‌ಗೆ ಅಪ್‌ಡೇಟ್‌ಗಳ ಖಾತರಿಯಿಲ್ಲ ಎಂದು ಮೈಕ್ರೋಸಾಫ್ಟ್ ಹೇಳಿದೆ, ಪ್ರತಿ ದೊಡ್ಡ ಆವೃತ್ತಿಗೂ ಮತ್ತೆ ಕೈಯಾರೆ ದಾಟಿಸಬೇಕಾಗಬಹುದು. ಪ್ರತಿ ಸಲವೂ ಅಂಗಡಿಗೆ ಹೊತ್ತೊಯ್ಯಬೇಕಾದ ಮಷಿನ್ ಲೆಕ್ಕಕ್ಕೆ ತಕ್ಕದ್ದಲ್ಲ.

ಮ್ಯಾಕ್‌ಗೂ ಲಿನಕ್ಸ್‌ಗೂ ಟ್ಯಾಲಿಪ್ರೈಮ್‌ನ ಸ್ವಂತ ಆವೃತ್ತಿಯಿಲ್ಲ. ವಿಂಡೋಸ್ ಪ್ರೋಗ್ರಾಂಗಳನ್ನು ಬೇರೆ ಸಿಸ್ಟಮ್‌ನಲ್ಲಿ ನಡೆಸುವ 'ವೈನ್' ಎಂಬ ತಂತ್ರಾಂಶದ ಮೂಲಕ ಓಡಿಸಿ ತೋರಿಸುವವರಿದ್ದಾರೆ. ತೆರಿಗೆಗೆ ಉತ್ತರ ಹೇಳಬೇಕಾದ ಲೆಕ್ಕವನ್ನು ಅದರಲ್ಲಿಡಬೇಡಿ. ಲಿನಕ್ಸ್‌ನೊಳಗೆ ವರ್ಚುವಲ್ ಮಷಿನ್ (ಕಂಪ್ಯೂಟರಿನೊಳಗೊಂದು ತೋರಿಕೆಯ ಕಂಪ್ಯೂಟರ್) ಮಾಡಿ ವಿಂಡೋಸ್ ಇಡಬಹುದು, ಅದಕ್ಕೆ 16 ಜಿಬಿ ರ‍್ಯಾಮ್ ಬೇಕು. ನಿಮ್ಮ ಎಲ್‌ಬಿಪಿ 2900 ಕ್ಯಾಪ್ಟ್ ಎಂಬ ಕ್ಯಾನನ್‌ನದ್ದೇ ಭಾಷೆ ಮಾತಾಡುವ ಪ್ರಿಂಟರ್, ಲಿನಕ್ಸ್‌ನಲ್ಲಿ ಅದನ್ನು ಒಲಿಸುವುದು ತಲೆನೋವು. ಮ್ಯಾಕ್ ಕೊಳ್ಳುವ ಮೊದಲೂ ಅದರ ಈಗಿನ ಆವೃತ್ತಿಗೆ ಡ್ರೈವರ್ ಇದೆಯೇ ನೋಡಿ. ಕನ್ನಡದ ಬಗ್ಗೆ ಆತಂಕ ಬೇಡ. ಲಿನಕ್ಸ್‌ನ ಐಬಸ್ ಎಂಬ ಟೈಪಿಂಗ್ ಸೌಲಭ್ಯದಲ್ಲಿ ನುಡಿಯ ಅದೇ ಕೆಜಿಪಿ ಕೀಲಿವಿನ್ಯಾಸ ಸಿಗುತ್ತದೆ. ಹಳೆಯ ನುಡಿ ಫಾಂಟಿನ ಕಡತಗಳನ್ನು ಮಾತ್ರ ಯುನಿಕೋಡ್‌ಗೆ ಪರಿವರ್ತಿಸಿಟ್ಟುಕೊಳ್ಳಿ, ವಿಂಡೋಸ್‌ನಲ್ಲೇ ಉಳಿದರೂ ಆ ಕೆಲಸ ಮಾಡಬೇಕಾದದ್ದೇ.

ನನ್ನ ಅಭಿಪ್ರಾಯ ಕೇಳಿದರೆ: ಯುಪಿಎಸ್ ಬ್ಯಾಟರಿ, ಎಸ್‌ಎಸ್‌ಡಿ ಹಾಕಿಸಿ ವಿಂಡೋಸ್ 10ರಲ್ಲೇ ಇಎಸ್‌ಯು ಜೊತೆ ಮುಂದುವರಿಯಿರಿ. ಆ ಅವಧಿ ಮುಗಿಯುವುದರೊಳಗೆ ಲೆಕ್ಕಕ್ಕೆ ವಿಂಡೋಸ್ 11ಕ್ಕೆ ಒಪ್ಪುವ ಬೇರೆ ಮಷಿನ್ ತೆಗೆದುಕೊಳ್ಳಿ, ಸಾಧ್ಯವಾದರೆ ಲ್ಯಾಪ್‌ಟಾಪ್. ಅದರ ಬ್ಯಾಟರಿಯೇ ನಿಮ್ಮ ಯುಪಿಎಸ್. ಪ್ರತಿ ತಿಂಗಳು ಜಿಎಸ್‌ಟಿ ವಿವರಪತ್ರವಾದ ಜಿಎಸ್‌ಟಿಆರ್-3ಬಿ ಸಲ್ಲಿಸುವವರಾದರೆ 20ನೇ ತಾರೀಖಿನ ಗಡುವಿನ ಹಿಂದಿನ ವಾರ ಅಪ್‌ಡೇಟನ್ನು ತಡೆಹಿಡಿಯಿರಿ, ಮುಗಿದ ಕೂಡಲೇ ಬಿಡಿ. ಈಗಿನ ಮಷಿನ್‌ಗೆ ಆಗ ಲಿನಕ್ಸ್ ಮಿಂಟ್ ಹಾಕಲು ತಂಗಿಯ ಮಗನಿಗೆ ಹೇಳಿ. ಇಂಟೆಲ್ ಗ್ರಾಫಿಕ್ಸ್, ಎಸ್‌ಎಸ್‌ಡಿ, 8 ಜಿಬಿ ಇರುವ ಡೆಸ್ಕ್‌ಟಾಪ್‌ನಲ್ಲಿ ಅದು ಚೆನ್ನಾಗಿ ನಡೆಯುತ್ತದೆ. ಮೊದಲ ದಿನವೇ ಟೈಮ್‌ಶಿಫ್ಟ್ ಚಾಲೂ ಮಾಡಿಸಿ, ಅಪ್‌ಡೇಟ್ ಕೈಕೊಟ್ಟರೆ ಹಿಂದಿನ ದಿನದ ಸ್ಥಿತಿಗೆ ಮರಳಬಹುದು. ಆ ಹುಡುಗನ ಸಲಹೆ ತಪ್ಪಲ್ಲ, ಕೆಟ್ಟ ಡಿಸ್ಕಿನ ಮೇಲೆ ಕೊಟ್ಟದ್ದಷ್ಟೇ ತಪ್ಪು.

ಎಸ್‌ಎಸ್‌ಡಿ ಹಾಕಿದ ಮೇಲೂ ಅದೇ ಹೆಸರಿನ ನೀಲಿ ಪರದೆ ಬಂದರೆ ಡಿಸ್ಕನ್ನು ಬಿಟ್ಟು ಕೇಬಲ್, ರ‍್ಯಾಮ್, ಬೋರ್ಡಿನ ಸಾಟಾ ಕಿಂಡಿ ಈ ಕ್ರಮದಲ್ಲಿ ಹುಡುಕಿ. ಬೇರೆ ಹೆಸರು ಬಂದರೆ, ಉದಾಹರಣೆಗೆ 'ವ್ಹಿಯಾ ಅನ್‌ಕರೆಕ್ಟಬಲ್ ಎರರ್' ಎಂದಿದ್ದರೆ, ಅದು ಪ್ರೊಸೆಸರ್, ಬೋರ್ಡ್ ಅಥವಾ ಎಸ್‌ಎಂಪಿಎಸ್ ಕಡೆಯದ್ದು. ಆಗ ಪರದೆಯ ಫೋಟೊ ಜೊತೆಗೆ 05, ಸಿ5, ಸಿ7 ಅಂಕಿಗಳನ್ನೂ ಬರೆದು ಕಳಿಸಿ.